ಪರದೆಯ ಪರೀಕ್ಷೆಗೆ ಮುನ್ನ ಬರೆಯಬೇಕಾದ ಪತ್ರ

ಮೂರು ವರ್ಷ ತುಂಬಿದರೂ ಮಾತು ಬಾರದ, ಹೆಸರು ಹಿಡಿದು ಕರೆದರೆ ತಿರುಗಿ ನೋಡದ, ಆಟಿಗೆಯ ಗಾಡಿಯನ್ನು ಬೋರಲು ಹಾಕಿಕೊಂಡು ಅದರ ಚಕ್ರವೊಂದನ್ನೇ ಗಂಟೆಗಟ್ಟಲೆ ತಿರುಗಿಸುತ್ತ ಕುಳಿತಿರುವ ಮಗುವನ್ನು ಎತ್ತಿಕೊಂಡು ಬಂದ ತಾಯ್ತಂದೆಯರಿಗೆ ಬೀದರಿನ ಅಥವಾ ರಾಯಚೂರಿನ ಮಕ್ಕಳ ವೈದ್ಯರು ಹೇಳುತ್ತಿದ್ದುದು ಬಹುಕಾಲ ಎರಡೇ ಮಾತು: ಇನ್ನಷ್ಟು ದಿನ ನೋಡಿ, ಇಲ್ಲವೆ ಬೆಂಗಳೂರಿಗೆ ಕರೆದುಕೊಂಡು ಹೋಗಿ. ಈಚೆಗೆ ಮೂರನೆಯದೊಂದು ಸೇರಿಕೊಂಡಿದೆ: ಆನ್‌ಲೈನ್‌ನಲ್ಲಿ ತೋರಿಸಿ.

ಈ ಮೂರನೆಯ ಮಾತನ್ನು ನಾನು ಹಳಿಯಲಾರೆ. ನಿಮ್ಹಾನ್ಸಿಗಾಗಲಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಾಗಲಿ ಕಲ್ಯಾಣ ಕರ್ನಾಟಕದ ಕೂಲಿಯ ಕುಟುಂಬವೊಂದು ಹೋಗಿಬರುವುದೆಂದರೆ ದಿನಗಟ್ಟಲೆಯ ಸಂಪಾದನೆಯನ್ನು ಕಳೆದುಕೊಂಡಂತೆಯೇ ಸರಿ. ಅಪರಿಚಿತ ಕೊಠಡಿಯಲ್ಲಿ ಬೆದರಿ ಅಳುವ ಮಗು ತನ್ನ ಮನೆಯ ಚಾಪೆಯ ಮೇಲೆ ತನ್ನ ನಿಜಸ್ವಭಾವವನ್ನು ತೋರುವುದೂ ಉಂಟು. ತಾಯಿಯೇ ಆಟವಾಡಿಸುತ್ತಿರಲು ತಜ್ಞರು ದೂರದಿಂದ ವೀಕ್ಷಿಸಿ ಆಟಿಸಂನ ಲಕ್ಷಣಗಳನ್ನು ಗುರುತಿಸುವ ಪದ್ಧತಿಯನ್ನು ಅಮೆರಿಕದ ವಾಂಡರ್ಬಿಲ್ಟ್ ವಿಶ್ವವಿದ್ಯಾಲಯದ ವೈದ್ಯಕೇಂದ್ರದವರು ಎಳೆಯ ಮಕ್ಕಳಿಗಾಗಿಯೇ ರೂಪಿಸಿದ್ದಾರೆ. ನಮ್ಮಲ್ಲಿಯೂ 2020ರ ಮಾರ್ಚ್ 25ರಂದು ಹೊರಬಿದ್ದ ಟೆಲಿಮೆಡಿಸಿನ್ ಮಾರ್ಗಸೂಚಿಗಳು ದೂರಚಿಕಿತ್ಸೆಗೆ ಸ್ಪಷ್ಟವಾದ ನಿಯಮಾವಳಿಯನ್ನು ಒದಗಿಸಿದವು. ಆದುದರಿಂದ ದೋಷವಿರುವುದು ಉಪಕರಣದಲ್ಲಿ ಅಲ್ಲ. ಮಗುವನ್ನು ಅಲ್ಲಿಗೆ ಕಳುಹಿಸಿಕೊಡುವ ಕ್ರಮದಲ್ಲಿ.

ನಾನು ಕಂಡ ಚೀಟಿಯೊಂದರಲ್ಲಿ ಇದ್ದುದು ಇಷ್ಟು: ‘ಮಾತು ತಡ, ಆಟಿಸಂ?’ ಕೆಳಗೊಂದು ಮೊಬೈಲ್ ಸಂಖ್ಯೆ, ಅದರಾಚೆಗೆ ಸಹಿ. ಮಗುವನ್ನು ಎಂದೂ ಮುಟ್ಟಿ ನೋಡಲಾರದ ತಜ್ಞರಿಗೆ, ಮುಟ್ಟಿ ನೋಡಬಲ್ಲವರಾಗಿದ್ದ ಏಕೈಕ ವೈದ್ಯರು ಒದಗಿಸಿದ ಮಾಹಿತಿ ಅದು. ಪರದೆಗೆ ಕಾಣದಿರುವುದನ್ನೆಲ್ಲ ಕಂಡು ಬರೆಯಬೇಕಾದವರು ಈ ಊರಿನ ವೈದ್ಯರೇ ಎಂಬುದು ನನ್ನ ವಾದದ ಸಾರ.

ಮೊದಲನೆಯದು ಶ್ರವಣ. ಕಿವಿ ಕೇಳದ ಮಗುವೂ ಕರೆದರೆ ತಿರುಗುವುದಿಲ್ಲ, ಅದಕ್ಕೂ ಮಾತು ಬರುವುದಿಲ್ಲ. ಶ್ರವಣಶಕ್ತಿಯನ್ನು ಅಳೆಯುವ ಬೆರಾ ಪರೀಕ್ಷೆಯ ವರದಿಯಿಲ್ಲದೆ ಇಂಥ ಮಗುವನ್ನು ಆಟಿಸಂನ ವಿಚಾರಣೆಗೆ ಕಳುಹಿಸುವುದು ಅಕ್ಷಮ್ಯವೆಂದೇ ನನ್ನ ಎಣಿಕೆ. ಇನ್ನು ಮೈಯ ಮಾತು. ಬಟ್ಟೆ ಬಿಚ್ಚಿಸಿ ನೋಡಿದರಷ್ಟೇ ಕಾಣುವ, ಎಲೆಯಾಕಾರದ ಬಿಳಿಚಿದ ಮಚ್ಚೆಗಳು ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ಆನುವಂಶಿಕ ವ್ಯಾಧಿಯ ಕುರುಹಾಗಿರಬಹುದು. ಆ ವ್ಯಾಧಿಯುಳ್ಳ ಮಕ್ಕಳಲ್ಲಿ ಫಿಟ್ಸ್ ಮತ್ತು ಆಟಿಸಂ ಎರಡೂ ಹೆಚ್ಚು. ಮೊಬೈಲ್ ಕ್ಯಾಮೆರಾ ಅದನ್ನು ತಾನಾಗಿ ಹುಡುಕಿ ತೋರಿಸದು. ತರಗತಿಯಲ್ಲಿ ಕೆಲವು ಕ್ಷಣ ಶೂನ್ಯದೃಷ್ಟಿಯಿಂದ ಕುಳಿತು ಮತ್ತೆ ಎಚ್ಚರಗೊಳ್ಳುವ ಬಾಲಕಿಯನ್ನು ‘ಗಮನವಿಲ್ಲದವಳು’ ಎಂದು, ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆಯಾದ ಎಡಿಎಚ್‌ಡಿಯ ತಪಾಸಣೆಗೆ ಅಟ್ಟಲಾಗುತ್ತದೆ. ಅದು ಅಪಸ್ಮಾರದ ಒಂದು ಬಗೆ ಆಗಿರಬಹುದೆಂಬ ಶಂಕೆ ಕಳುಹಿಸುವವರಿಗೇ ಬರಬೇಕು. ತಲೆಯ ಸುತ್ತಳತೆ, ಥೈರಾಯ್ಡ್, ತಾಯಿ ಕಾರ್ಡಿನಲ್ಲಿ ಬರೆದಿರುವ ಹೆರಿಗೆಯ ವಿವರ, ಅಂಗನವಾಡಿ ಕಾರ್ಯಕರ್ತೆಯೋ ಶಾಲೆಯ ಮೇಷ್ಟರೋ ಕಂಡ ನಡವಳಿಕೆ, ಮನೆಯಲ್ಲಿ ಆಡುವ ಭಾಷೆ ಲಂಬಾಣಿಯೋ ಉರ್ದುವೋ ತುಳುವೋ ಎಂಬ ವಿಷಯ, ಇವೆಲ್ಲವೂ ಒಂದೇ ಪುಟದಲ್ಲಿ ಹಿಡಿಸುತ್ತವೆ.

ಪ್ರಶ್ನಾವಳಿಗಳ ಬಗೆಗೆ ಹೆಚ್ಚು ಹೇಳಬೇಕಾಗಿಲ್ಲ. 16ರಿಂದ 30 ತಿಂಗಳ ಮಕ್ಕಳಿಗಾಗಿ ರಚಿತವಾದ ಎಂ-ಚಾಟ್‌ನ 20 ಪ್ರಶ್ನೆಗಳನ್ನು ಮೊಬೈಲಿನಲ್ಲಿ ತುಂಬಿಸಿಕೊಂಡು, ಬಂದ ಅಂಕವನ್ನೇ ರೋಗನಿರ್ಣಯವೆಂದು ಕೈಗಿಡುವವರಿದ್ದಾರೆ. ಅದು ಹೆಚ್ಚಿನ ಪರೀಕ್ಷೆ ಯಾರಿಗೆ ಬೇಕೆಂಬುದನ್ನು ತಿಳಿಯುವ ಜರಡಿಯಷ್ಟೆ.

ನಿರ್ಣಯವಾದ ಮೇಲೆ ಮುಂದೇನು? ಇಂಗ್ಲೆಂಡಿನಲ್ಲಿ ರೋಗಿಯು ಸಾಮಾನ್ಯವೈದ್ಯರ ಪತ್ರದ ಮೂಲಕ ತಾನೇ ಆರಿಸಿಕೊಂಡ ಆನ್‌ಲೈನ್ ಸಂಸ್ಥೆಯಲ್ಲಿ ಸರ್ಕಾರದ ಖರ್ಚಿನಿಂದ ಎಡಿಎಚ್‌ಡಿ ತಪಾಸಣೆ ಮಾಡಿಸಿಕೊಳ್ಳುವ ಹಕ್ಕುಳ್ಳವನು. ಆದರೆ ದೂರದ ತಜ್ಞರು ಆರಂಭಿಸಿದ ಔಷಧವನ್ನು ಮುಂದುವರಿಸುವ ಹೊಣೆಯನ್ನು ಊರಿನ ವೈದ್ಯರು ಒಪ್ಪಲೇಬೇಕೆಂಬ ನಿಯಮವಿಲ್ಲ. ಅವರು ಒಲ್ಲೆನೆಂದರೆ ರೋಗಿ ನಡುದಾರಿಯಲ್ಲಿ ನಿಲ್ಲುತ್ತಾನೆ. ನಮ್ಮ ಸ್ಥಿತಿ ಇದಕ್ಕಿಂತ ಬಿಗಿಯಾದುದು. ಎಡಿಎಚ್‌ಡಿಗೆ ಪ್ರಧಾನವಾಗಿ ಬಳಸುವ ಮೀಥೈಲ್‌ಫೆನಿಡೇಟ್ ಬಿಗಿ ನಿಯಂತ್ರಣದ ಷೆಡ್ಯೂಲ್ ಎಕ್ಸ್‌ಗೆ ಸೇರಿದ ಔಷಧ. ಅಂಥವನ್ನು ದೂರಸಮಾಲೋಚನೆಯಲ್ಲಿ ಬರೆದುಕೊಡುವುದನ್ನು 2020ರ ಮಾರ್ಗಸೂಚಿಗಳೇ ನಿಷೇಧಿಸಿವೆ. ಎಂದಮೇಲೆ, ಪರದೆಯ ಮೇಲೆ ‘ಇದು ಎಡಿಎಚ್‌ಡಿ’ ಎಂದು ಕೇಳಿಸಿಕೊಂಡ ತಂದೆ ಔಷಧದ ಚೀಟಿಗಾಗಿ ಮನೋವೈದ್ಯರೊಬ್ಬರ ಎದುರು ಮಗನನ್ನು ಕೂರಿಸಲೇಬೇಕು. ಅವರು ಯಾರು, ಯಾವ ಊರಿನವರು ಎಂಬುದನ್ನು ನಿಶ್ಚಯಿಸಿಕೊಳ್ಳದೆ ಮೊದಲೇ ಕಳುಹಿಸುವುದರಿಂದ ಪ್ರಯೋಜನವೇನು?

ಪ್ರಮಾಣಪತ್ರದ ಸಂಗತಿಯೂ ಹಾಗೆಯೇ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 21 ಬಗೆಗಳಲ್ಲಿ ಆಟಿಸಂ ಇದೆ, ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿಯ ಹೆಸರಿಲ್ಲ. ಆಟಿಸಂಗೆ 40 ಅಂಶಗಳ ಭಾರತೀಯ ಮಾಪಕದಿಂದ ಅಳೆದು ಸರ್ಕಾರದ ಅಧಿಕೃತ ವೈದ್ಯಮಂಡಳಿಯವರು ಕೊಡತಕ್ಕ ಪತ್ರವೇ ಸವಲತ್ತಿಗೆ ಆಧಾರವಾಗುವುದಲ್ಲದೆ, ಹಣ ತೆತ್ತು ಪಡೆದ ಆನ್‌ಲೈನ್ ವರದಿ, ಅದೆಷ್ಟೇ ಪುಟಗಳದ್ದಾಗಿರಲಿ, ಅದರ ಸ್ಥಾನವನ್ನು ತುಂಬಲಾರದು. ಇದನ್ನು ಹಣ ಕಟ್ಟುವುದಕ್ಕೆ ಮುನ್ನವೇ ಪಾಲಕರಿಗೆ ತಿಳಿಹೇಳುವವರು ವಿರಳ.

ವಿಚಿತ್ರವೆಂದರೆ, 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಬೆಳವಣಿಗೆಯ ಹಿನ್ನಡೆಯುಳ್ಳ ಮಕ್ಕಳನ್ನು ಉಚಿತವಾಗಿ ಪರೀಕ್ಷಿಸಲೆಂದೇ ಜಿಲ್ಲಾ ಮಟ್ಟದಲ್ಲಿ ಶೀಘ್ರ ಮಧ್ಯಪ್ರವೇಶ ಕೇಂದ್ರಗಳನ್ನು ಯೋಜಿಸಿದ್ದರೂ, ನಾನು ನೋಡಿದ ಖಾಸಗಿ ಚೀಟಿಗಳಲ್ಲಿ ಅವುಗಳ ಪ್ರಸ್ತಾಪವೇ ಇರಲಿಲ್ಲ. ಅಲ್ಲಿ ತಜ್ಞರ ಕೊರತೆಯಿದ್ದರೆ, ಪರದೆಯನ್ನು ಅಲ್ಲಿಯೇ ಇಡಬಹುದು. ಮಗುವಿನ ಪಕ್ಕದಲ್ಲಿ ಸ್ಥಳೀಯ ಸಿಬ್ಬಂದಿ ಕುಳಿತು, ಬೆಂಗಳೂರಿನ ತಜ್ಞರು ಕೇಳಿದುದನ್ನು ಮಾಡಿ ತೋರಿಸಬಹುದು. ಮಾತಿನ ತರಬೇತಿಗಂತೂ ಅಂತಿಮ ನಿರ್ಣಯದ ತನಕ ಕಾಯಬೇಕಾದ ಕಾರಣವೇ ಇಲ್ಲ.

ಆರೋಗ್ಯ ಇಲಾಖೆ ಇಂಥ ಕಳುಹಿಕೆಗೆ ಒಂದು ಪುಟದ ನಮೂನೆಯನ್ನು ಗೊತ್ತುಪಡಿಸಿ, ಸರ್ಕಾರಿ ಖಾಸಗಿ ಎನ್ನದೆ ಕಡ್ಡಾಯಗೊಳಿಸಲಿ. ಅಲ್ಲಿಯವರೆಗೆ ತಾಯ್ತಂದೆಯರು ವೈದ್ಯರನ್ನು ಕೇಳಬೇಕಾದುದು ಎರಡು: ಮಗುವಿನ ಕಿವಿಯ ಪರೀಕ್ಷೆ ಆಗಿದೆಯೆ, ಮತ್ತು ವರದಿ ಬಂದಮೇಲೆ ನಮ್ಮನ್ನು ನೋಡಿಕೊಳ್ಳುವವರು ಯಾರು.