ಪಂಚಾಯಿತಿ ಬಾಗಿಲಲ್ಲಿ ನಿಂತ ಕೇಬಲ್

ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಜಾಲ ಕಲ್ಪಿಸಲು ಕೇಂದ್ರ ಸರ್ಕಾರ ಒಪ್ಪಿಗೆಯಿತ್ತದ್ದು 2011ರಲ್ಲಿ. ‘ಭಾರತ್‌ನೆಟ್’ ಎಂಬ ಹೆಸರು ಬಂದದ್ದು 2015ರಲ್ಲಿ. ಗುರಿ ಸುಮಾರು 2.5 ಲಕ್ಷ ಪಂಚಾಯಿತಿಗಳು. ಲೆಕ್ಕ ಹಾಕಿದವರ ಕಣ್ಣಮುಂದಿದ್ದುದು ಬಯಲುಸೀಮೆಯ ಒತ್ತೊತ್ತಾದ ಊರುಗಳಿರಬೇಕು. ಮಲೆನಾಡಿನಲ್ಲಿ ಊರೆಂದರೆ ಗುಡ್ಡಕ್ಕೊಂದು, ಕಣಿವೆಗೊಂದು ಮನೆ. ಪಂಚಾಯಿತಿ ಕಚೇರಿಗೆ ಕೇಬಲ್ ಬಂದ ಮಾತ್ರಕ್ಕೆ ಊರಿಗೆ ಬಂದಂತಾಗದು.

2020ರಲ್ಲಿ ಶಾಲೆಗಳು ಮುಚ್ಚಿದಾಗ ಮಲೆನಾಡಿನ ಮಕ್ಕಳು ಕೊಡೆ ಹಿಡಿದು ಗುಡ್ಡದ ಮೇಲೆ ಪಾಠ ಕೇಳಿದ್ದನ್ನು ನಾಡೆಲ್ಲ ಕಂಡಿತು. ಕೃಷಿಕರ ಕಷ್ಟ ಅಷ್ಟು ಸುದ್ದಿಯಾಗಲಿಲ್ಲ. ಅಡಿಕೆಯ ಕೊಳೆರೋಗ ತಡೆಯಲು ಮಳೆ ಹಿಡಿಯುವ ಮುನ್ನ ಶೇ. 1ರ ಬೋರ್ಡೋ ದ್ರಾವಣ ಸಿಂಪಡಿಸಬೇಕು. 40–45 ದಿನಗಳ ಬಳಿಕ ಮತ್ತೊಮ್ಮೆ. ಆ ಎರಡನೆಯ ಸಿಂಪಡಣೆ ಬೀಳುವುದು ಮಳೆಗಾಲದ ನಡುವೆ. ಒಂದೆರಡು ದಿನ ಹೊಳವಾಗುವ ಮುನ್ಸೂಚನೆ ಹೊತ್ತಿಗೆ ಸಿಕ್ಕರೆ ಕೊನೆಗೌಡರನ್ನು ಕರೆಸಬಹುದು. ತಡವಾಗಿ ಸಿಕ್ಕರೆ ಫಸಲು ನೆಲಕ್ಕೆ.

ಸಂಪರ್ಕವೆಂದಾಕ್ಷಣ ಗುಡ್ಡದ ನೆತ್ತಿಯ ಟವರೇ ಏಕೆ? ಅದಕ್ಕೆ ದಾರಿ ಕಡಿಯಬೇಕು, ಡೀಸೆಲ್ ಹೊರಬೇಕು. ಆಷಾಢದ ಗಾಳಿಗೆ ಕರೆಂಟು ಹೋದರೆ ಬ್ಯಾಟರಿ ಇರುವಷ್ಟೇ ಹೊತ್ತು ಅದರ ಆಯುಸ್ಸು. ಇರುವ ರಸ್ತೆಯಂಚಿನಲ್ಲಿ, ಇರುವ ವಿದ್ಯುತ್ ಕಂಬಗಳ ಮೇಲೆ ಕೇಬಲ್ ಎಳೆಯಲು ಹೊಸದಾಗಿ ಕಾಡು ಕಡಿಯಬೇಕಿಲ್ಲ. ಮರ ಬಿದ್ದರೆ ಅದು ತುಂಡಾಗುತ್ತದೆ, ನಿಜ. ಬೆಸೆಯುವ ಕೆಲಸವನ್ನು ಊರಿನ ಯುವಕ ಯುವತಿಯರಿಗೆ ಕಲಿಸಿದರೆ ಪಟ್ಟಣದಿಂದ ಜನ ಬರುವವರೆಗೆ ಕಾಯಬೇಕಾಗದು.

2023ರಲ್ಲಿ ಒಪ್ಪಿಗೆ ಪಡೆದ ಪರಿಷ್ಕೃತ ಯೋಜನೆಯ ವೆಚ್ಚ 1,39,579 ಕೋಟಿ ರೂಪಾಯಿ. 10 ವರ್ಷಗಳ ನಿರ್ವಹಣೆಯೂ ಅದರಲ್ಲಿ ಸೇರಿದೆ. ಮುಂದಿನ ಗ್ರಾಮಸಭೆಯಲ್ಲಿ ಕೊನೆಯ ಮನೆಯವರು ಎದ್ದು ನಿಂತು, ತಮ್ಮ ಕಣಿವೆಗೆ ಕೇಬಲ್ ಯಾವ ದಾರಿಯಲ್ಲಿ ಬರುತ್ತದೆಂದು ನಕ್ಷೆ ಸಮೇತ ಕೇಳಲಿ.