ಅಂಪೈರ್ ಇಲ್ಲದ ಪಂದ್ಯ

ಮಕ್ಕಳೇ, ಈ ವಾರದ ಪುಟಕ್ಕೆ ವಿಷಯ ಸಿಕ್ಕಿದ್ದು ಒಂದು ಜಗಳದಿಂದ.

ದಸರಾ ರಜೆಗೆ ನಿಡಗುಂದಿ ಹತ್ತಿರದ ಅಕ್ಕನ ಊರಿಗೆ ಹೋಗಿದ್ದೆ. ಹೋದ ಮರುದಿನವೇ ಅಕ್ಕನ ಮಗಳು, ಮಗ ಇಬ್ಬರನ್ನೂ ಕರೆದುಕೊಂಡು ಆಲಮಟ್ಟಿಗೆ ಹೋಗಿ ನೀರು ನೋಡಿ ಬಂದೆ. ಮಳೆಗಾಲ ಮುಗಿಯುವ ಹೊತ್ತಿಗೆ ಆ ಜಲಾಶಯವನ್ನು ನೋಡಬೇಕು. ನೀರಿನ ಮಟ್ಟ 519.60 ಮೀಟರ್ ಮುಟ್ಟಿದರೆ ಸುಮಾರು 123 ಟಿಎಂಸಿ ನೀರು ನಿಂತಿರುತ್ತದೆ. 1964ರಲ್ಲಿ ಅಡಿಗಲ್ಲು ಇಟ್ಟ ಲಾಲ್ ಬಹದ್ದೂರ್ ಶಾಸ್ತ್ರಿಯವರ ಹೆಸರನ್ನೇ ಆ ಸಾಗರಕ್ಕೆ ಇಟ್ಟಿದ್ದಾರೆ. ಸಾಗರ ಎನ್ನುವುದು ಬರೀ ಹೆಸರಿಗಲ್ಲ, ಅಷ್ಟೊಂದು ನೀರು, ಅಷ್ಟೊಂದು ಗಾಳಿ!

ಸಣ್ಣವನು ಅಲ್ಲಿಯೇ ಕೇಳಿದ: "ಮಾಮಾ, ಇಷ್ಟ ನೀರು, ಇಷ್ಟ ಗಾಳಿ ಐತಿ. ಹಾಯಿದೋಣಿ ಯಾಕ ಒಂದೂ ಇಲ್ಲ?"

ಒಳ್ಳೆಯ ಪ್ರಶ್ನೆ. ನಮ್ಮ ಹಿರಿಯರಿಗೆ ಕೃಷ್ಣೆ ದಾಟಬೇಕಾದ ಹೊಳೆಯಾಗಿತ್ತು. ಈ ದಡದಿಂದ ಆ ದಡಕ್ಕೆ ಹೋದರೆ ಕೆಲಸ ಮುಗಿಯಿತು, ಅದಕ್ಕೆ ಹರಿಗೋಲು, ಹುಟ್ಟು ಸಾಕಿತ್ತು. ಹೊಳೆ ಹೀಗೆ ಸಾಗರವಾಗಿದ್ದು ಮೊನ್ನೆ ಮೊನ್ನೆ. ಅಣೆಕಟ್ಟು ನಾಡಿಗೆ ಅರ್ಪಣೆಯಾಗಿದ್ದು 2006ರಲ್ಲಿ, ಅಬ್ದುಲ್ ಕಲಾಂ ಅವರು ರಾಷ್ಟ್ರಪತಿಯಾಗಿದ್ದಾಗ. ಅಕ್ಕನ ಅತ್ತೆಯ ತವರೂರು ಆ ನೀರಿನ ಕೆಳಗಿದೆ. ಆಕೆ ಇವತ್ತಿಗೂ ನೀರಿನ ಕಡೆ ಕೈ ತೋರಿಸಿ "ಅಲ್ಲೇ ನಮ್ಮ ಹುಣಸಿಗಿಡ ಇತ್ತು" ಅನ್ನುತ್ತಾಳೆ.

ಮನೆಗೆ ಬಂದ ಮೇಲೆ ಮಕ್ಕಳು ತಾವೇ ಹಾಯಿದೋಣಿ ಮಾಡಿದರು. ಥರ್ಮಾಕೋಲಿನ ಎರಡು ತುಂಡು, ಊದಿನಕಡ್ಡಿಯ ಕೂವೆಕಂಬ, ಹಾಲಿನ ಪಾಕೀಟು ಕತ್ತರಿಸಿದ ಹಾಯಿ. ಎಮ್ಮೆಗಳಿಗೆ ನೀರು ಕುಡಿಸುವ ಸಿಮೆಂಟಿನ ತೊಟ್ಟಿಯೇ ಸಾಗರ. ನಡುವೆ ಒಂದು ಇಟ್ಟಿಗೆ ನಿಲ್ಲಿಸಿ, ಅದನ್ನು ಎಡಕ್ಕೆ ಬಿಟ್ಟು ಆಚೆ ತುದಿ ಮುಟ್ಟಬೇಕು ಎಂದು ನಿಯಮ ಮಾಡಿಕೊಂಡರು. ನಾನು ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದೆ. ಐದು ನಿಮಿಷಕ್ಕೆ ಕೂಗು ಎದ್ದಿತು.

"ಮಾಮಾ, ಇವ ಬಾಯಿಲೆ ಊದಿದ!"

"ಗಾಳಿಲೆ ಹೋಗಬೇಕು ಅಂತ ನೀನ ಹೇಳಿ. ಬಾಯಾಗಿಂದ ಬರೋದು ಗಾಳಿ ಅಲ್ಲೇನು?"

"ಮಾಮಾ, ನೀ ಅಂಪೈರ್. ನೀನ ಹೇಳು."

ನಾನು ನೋಡಿರಲೇ ಇಲ್ಲ. ನೋಡದ ಅಂಪೈರ್ ಏನು ಹೇಳಬೇಕು? ಆಗ ನೆನಪಾಗಿದ್ದು ನಿಜವಾದ ಹಾಯಿದೋಣಿಗಳ ಪಂದ್ಯ. ಅಲ್ಲಿ ಹೆಚ್ಚಿನ ಸಲ ನೀರಿನ ಮೇಲೆ ಅಂಪೈರ್ ಇರುವುದೇ ಇಲ್ಲ.

ಈ ಪಂದ್ಯ ನೋಡಲು ಸಮುದ್ರಕ್ಕೇ ಹೋಗಬೇಕೆಂದಿಲ್ಲ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪಿನವರು ಹಾಯಿದೋಣಿ ಓಡಿಸುತ್ತಾರೆ. ಮೈಸೂರಿನ ಹತ್ತಿರ ಕೆಆರ್‌ಎಸ್ ಹಿನ್ನೀರಿನಲ್ಲಿ ರಾಯಲ್ ಮೈಸೂರು ಸೈಲಿಂಗ್ ಕ್ಲಬ್ ಇದೆ. ಅದೂ ಅಣೆಕಟ್ಟಿನ ನೀರೇ, ನಮ್ಮ ಆಲಮಟ್ಟಿಯ ಹಾಗೆ. ಇಂಥ ಸಣ್ಣ ದೋಣಿಗೆ ಡಿಂಗಿ ಅನ್ನುತ್ತಾರೆ. ಇಂಗ್ಲಿಷ್ ಪದ ಅಂದುಕೊಳ್ಳಬೇಡಿ. ಹಿಂದಿ, ಬಂಗಾಳಿಯವರ ಬಾಯಲ್ಲಿದ್ದ ಪದವನ್ನು ಇಂಗ್ಲಿಷಿನವರು ಇಲ್ಲಿಂದಲೇ ಎತ್ತಿಕೊಂಡು ಹೋಗಿದ್ದು.

ಮಕ್ಕಳಿಗೆಂದೇ ಒಂದು ಡಿಂಗಿ ಇದೆ, ಹೆಸರು ಆಪ್ಟಿಮಿಸ್ಟ್. 1947ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಎಂಬವರು ಇದರ ನಕ್ಷೆ ಮಾಡಿದರು. ಉದ್ದ ಎಂಟು ಅಡಿಗೂ ಕಡಿಮೆ, ತೂಕ 35 ಕಿಲೋ, ಮೂತಿ ಚೂಪಿಲ್ಲ, ತೊಟ್ಟಿಲಿನ ಹಾಗೆ ಮೊಂಡು. ಒಬ್ಬರೇ ಕೂತು, ಒಂದು ಕೈಯಲ್ಲಿ ಚುಕ್ಕಾಣಿ, ಇನ್ನೊಂದು ಕೈಯಲ್ಲಿ ಹಾಯಿಯ ಹಗ್ಗ ಹಿಡಿದು ಓಡಿಸಬೇಕು. ಹದಿನೈದು ವರ್ಷದವರೆಗಿನ ಮಕ್ಕಳು ಇದರಲ್ಲಿ ಪಂದ್ಯ ಆಡುತ್ತಾರೆ. ಎಷ್ಟೇ ಚೆನ್ನಾಗಿ ಈಜು ಬಂದರೂ ಲೈಫ್ ಜಾಕೆಟ್ ಹಾಕದೆ ದೋಣಿ ಹತ್ತಿಸುವುದಿಲ್ಲ.

ಪಂದ್ಯ ಶುರುವಾಗುವುದೇ ಒಂದು ಸೊಗಸು. ನಿಮ್ಮ ಶಾಲೆಯ ಓಟದಲ್ಲಿ ಗೆರೆಯ ಮೇಲೆ ಕಾಲಿಟ್ಟು ನಿಂತು 'ಒನ್, ಟೂ, ತ್ರೀ' ಅನ್ನಿಸಿಕೊಂಡು ಓಡುತ್ತೀರಿ. ದೋಣಿಗೆ ಬ್ರೇಕಿಲ್ಲವಲ್ಲ, ಗೆರೆಯ ಮೇಲೆ ನಿಲ್ಲುವುದು ಹೇಗೆ? ಅದಕ್ಕೇ ಗಡಿಯಾರದ ಲೆಕ್ಕ. ಪಂದ್ಯ ನಡೆಸುವವರ ದೋಣಿಗೂ ನೀರಿನಲ್ಲಿ ತೇಲುವ ಒಂದು ಬುರುಡೆಗೂ ನಡುವೆ ಕಾಣದ ಗೆರೆ ಇದೆ ಅಂದುಕೊಳ್ಳಿ. ಐದು ನಿಮಿಷ ಇರುವಾಗ ಆ ದೋಣಿಯಲ್ಲಿ ಒಂದು ಬಾವುಟ ಏರುತ್ತದೆ, ಜೊತೆಗೆ ಹಾರ್ನ್. ನಾಲ್ಕು ನಿಮಿಷ ಇರುವಾಗ ಇನ್ನೊಂದು ಬಾವುಟ, ಸಾಮಾನ್ಯವಾಗಿ ನೀಲಿಯ ನಡುವೆ ಬಿಳಿ ಚೌಕವಿದ್ದದ್ದು. ಒಂದು ನಿಮಿಷ ಉಳಿದಾಗ ಅದು ಇಳಿಯುತ್ತದೆ, ಉದ್ದನೆಯ ಹಾರ್ನ್. ಕೊನೆಗೆ ಮೊದಲ ಬಾವುಟವೂ ಇಳಿಯಿತೋ, ಪಂದ್ಯ ಶುರು! ಅಷ್ಟು ಹೊತ್ತೂ ದೋಣಿಗಳೆಲ್ಲ ಗೆರೆಯ ಹಿಂದೆ ಅತ್ತಿಂದಿತ್ತ ಸುಳಿಯುತ್ತ, ವಾಚು ನೋಡುತ್ತ, ಸರಿಯಾದ ಕ್ಷಣಕ್ಕೆ ಗೆರೆ ಮುಟ್ಟಲು ಹೊಂಚು ಹಾಕುತ್ತಿರುತ್ತವೆ. ಒಂದು ಸೆಕೆಂಡು ಮೊದಲು ದಾಟಿದವರು ಹಿಂದಿರುಗಿ ಬಂದು ಮತ್ತೆ ಹೊರಡಬೇಕು.

ಒಂದು ತಮಾಷೆ ಕೇಳಿ. ಹಾರ್ನ್ ಕೆಟ್ಟುಹೋಗಿ ಸದ್ದೇ ಬರದಿದ್ದರೂ ಪಂದ್ಯ ಶುರುವಾಯಿತು ಎಂದೇ ಲೆಕ್ಕ. ಕಣ್ಣಿಗೆ ಕಾಣುವ ಬಾವುಟವೇ ಪ್ರಮಾಣ, ಕಿವಿಗೆ ಕೇಳುವ ಸದ್ದಲ್ಲ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಗೆರೆಯ ಆ ತುದಿಯಲ್ಲಿರುವ ಹುಡುಗಿಗೆ ಹಾರ್ನ್ ತಡವಾಗಿ ಕೇಳಿದರೆ ಅವಳಿಗೆ ಅನ್ಯಾಯವಲ್ಲವೇ?

ಇನ್ನು ದಾರಿಯ ಮಾತು. ನೀರಿನ ಮೇಲೆ ರಸ್ತೆಯಿಲ್ಲ, ಸಿಗ್ನಲ್ ಇಲ್ಲ. ಗಾಳಿಗೆ ಎದುರಾಗಿ ಯಾವ ಹಾಯಿದೋಣಿಯೂ ನೇರ ಹೋಗಲಾರದು. ಓರೆಯಾಗಿ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಹೋಗುತ್ತ ಮೇಲೇರಬೇಕು. ಇಪ್ಪತ್ತು ದೋಣಿಗಳು ಹೀಗೆ ಹಾವಿನಂತೆ ಹೊರಟರೆ ಎದುರುಬದುರು ಬಾರದೆ ಇರುತ್ತವೆಯೇ? ಆಗ ಮೊದಲ ನಿಯಮ: ಯಾರ ಬಲಗಡೆಯಿಂದ ಗಾಳಿ ಬರುತ್ತಿದೆಯೋ ಅವರಿಗೆ ದಾರಿ, ಎಡಗಡೆಯಿಂದ ಗಾಳಿ ಪಡೆಯುತ್ತಿರುವವರು ಸರಿಯಬೇಕು. ಬಲಗಡೆಯ ಗಾಳಿಯವರು "ಸ್ಟಾರ್‌ಬೋರ್ಡ್!" ಎಂದು ಕೂಗಿ ಎಚ್ಚರಿಸುತ್ತಾರೆ. ಕಬ್ಬಿನ ಹಂಗಾಮಿನಲ್ಲಿ ಹೊಲದ ಸಣ್ಣ ದಾರಿಯಲ್ಲಿ ಖಾಲಿ ಗಾಡಿ ತುಂಬಿದ ಗಾಡಿಗೆ ದಾರಿ ಬಿಡುತ್ತದಲ್ಲ, ಅದೇ ರೀತಿ. ಇಬ್ಬರಿಗೂ ಒಂದೇ ಕಡೆಯಿಂದ ಗಾಳಿ ಇದ್ದು ಅಕ್ಕಪಕ್ಕ ಹೊರಟಿದ್ದರೆ, ಗಾಳಿಯ ಕಡೆಗಿರುವವನು ಆಚೆಯವನಿಂದ ದೂರ ಇರಬೇಕು. ಹಿಂದಿನಿಂದ ಬರುವವನು ಮುಂದಿನವನಿಗೆ ಅಡ್ಡ ಬರಬಾರದು. ಇಷ್ಟಾದರೂ, 'ದಾರಿ ನನ್ನದು' ಎಂದು ಹೋಗಿ ಗುದ್ದುವ ಹಾಗಿಲ್ಲ. ತಪ್ಪಿಸಲು ಸಾಧ್ಯವಿದ್ದರೆ ದಾರಿಯ ಹಕ್ಕಿರುವವನೂ ತಪ್ಪಿಸಲೇಬೇಕು. ನಮ್ಮ ಹೆದ್ದಾರಿಯ ಮೇಲೆ ಇದೊಂದು ನಿಯಮ ಎಲ್ಲರಿಗೂ ಗೊತ್ತಿದ್ದರೆ ಎಷ್ಟು ಚೆನ್ನಾಗಿತ್ತು!

"ನಿಯಮ ಮುರದರ ಯಾರು ಹಿಡೀತಾರ?" ಅಕ್ಕನ ಮಗಳು ಕೇಳಿದಳು.

ಮುರಿದವರೇ.

ತಿರುಗಬೇಕಾದ ಬುರುಡೆಗೆ ದೋಣಿ ತಾಗಿತೇ? ತಾಗಿಸಿದವನು ಬೇರೆಯವರಿಂದ ದೂರ ಸರಿದು, ಇದ್ದಲ್ಲಿಯೇ ದೋಣಿಯನ್ನು ಒಂದು ಪೂರ್ತಿ ಸುತ್ತು ತಿರುಗಿಸಬೇಕು. ದಾರಿ ಬಿಡದೆ ಇನ್ನೊಬ್ಬರಿಗೆ ಅಡ್ಡಿ ಮಾಡಿದರೆ ಎರಡು ಸುತ್ತು. ಯಾರೂ ಸೀಟಿ ಊದುವುದಿಲ್ಲ, ಕಾರ್ಡು ತೋರಿಸುವುದಿಲ್ಲ. ಬುರುಡೆಗೆ ತಾಗಿದ್ದು ಎಷ್ಟೋ ಸಲ ತಾಗಿಸಿದವನಿಗೆ ಬಿಟ್ಟು ಯಾರಿಗೂ ಕಂಡಿರುವುದಿಲ್ಲ. ಒಂದು ಸುತ್ತು ಹಾಕುವಷ್ಟರಲ್ಲಿ ಮೂರೋ ನಾಲ್ಕೋ ದೋಣಿಗಳು ಮುಂದೆ ಹೋಗಿಬಿಡುತ್ತವೆ. ಆದರೂ ಸುತ್ತು ಹಾಕುತ್ತಾರೆ. ದೊಡ್ಡ ದೊಡ್ಡ ಪಂದ್ಯಗಳಲ್ಲಿ ನೀರಿನ ಮೇಲೂ ತೀರ್ಪುಗಾರರು ಇರುವುದುಂಟು. ಆದರೆ ಸಣ್ಣ ಕ್ಲಬ್ಬಿನ ಭಾನುವಾರದ ಪಂದ್ಯ ನಡೆಯುವುದು ಈ ಸುತ್ತಿನ ನಂಬಿಕೆಯ ಮೇಲೆಯೇ.

ಒಬ್ಬ ತಪ್ಪು ಮಾಡಿದ, ಒಪ್ಪಲಿಲ್ಲ ಎಂದಿಟ್ಟುಕೊಳ್ಳಿ. ಎದುರಿನವನು ಆ ಕೂಡಲೇ "ಪ್ರೊಟೆಸ್ಟ್!" ಎಂದು ಕೂಗಬೇಕು. ಮನೆಗೆ ಹೋಗಿ ಊಟ ಮಾಡಿ ನೆನಪಿಸಿಕೊಂಡರೆ ನಡೆಯದು. ಕೂಗಿದ ಮೇಲೆ ಇಬ್ಬರೂ ಪಂದ್ಯ ಮುಂದುವರಿಸುತ್ತಾರೆ. ದಡಕ್ಕೆ ಬಂದು ಕಾಗದದಲ್ಲಿ ಬರೆದುಕೊಟ್ಟರೆ ವಿಚಾರಣೆ ನಡೆಯುತ್ತದೆ. ಇಬ್ಬರನ್ನೂ ಎದುರೆದುರು ಕೂರಿಸಿ, ಮೇಜಿನ ಮೇಲೆ ಆಟಿಕೆ ದೋಣಿಗಳನ್ನು ಇಟ್ಟು, "ಗಾಳಿ ಎಲ್ಲಿಂದ ಇತ್ತು? ನೀನು ಎಲ್ಲಿದ್ದೆ?" ಎಂದು ಕೇಳುತ್ತಾರೆ. ಇದನ್ನು ಕೇಳಿ ಸಣ್ಣವನು ತನ್ನ ಥರ್ಮಾಕೋಲ್ ದೋಣಿಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ.

ಅಂಕದ ಲೆಕ್ಕವೂ ಉಲ್ಟಾ. ಮೊದಲು ಬಂದವರಿಗೆ 1, ಎರಡನೆಯವರಿಗೆ 2. ಹಲವು ಪಂದ್ಯ ಕೂಡಿಸಿದಾಗ ಅಂಕ ಯಾರದು ಕಡಿಮೆಯೋ ಅವರು ಗೆದ್ದ ಹಾಗೆ.

ನಿಯಮಗಳ ಪುಸ್ತಕದಲ್ಲಿ ಇವೆಲ್ಲಕ್ಕಿಂತ ಮೊದಲು, ಒಂದನೇ ನಂಬರಿನಲ್ಲಿ ಬರೆದಿರುವುದು ಗೆಲ್ಲುವ ವಿಷಯವೇ ಅಲ್ಲ. ಅಪಾಯದಲ್ಲಿರುವವರಿಗೆ ಕೈಲಾದ ಎಲ್ಲ ಸಹಾಯ ಮಾಡಬೇಕು ಎಂದಿದೆ. 1988ರ ಸೋಲ್ ಒಲಿಂಪಿಕ್ಸಿನಲ್ಲಿ ಹಾಯಿದೋಣಿ ಪಂದ್ಯಗಳು ಬುಸಾನ್ ಎಂಬಲ್ಲಿ ನಡೆದವು. ಕೆನಡಾದ ಲಾರೆನ್ಸ್ ಲೆಮ್ಯೂ ಒಂದು ಪಂದ್ಯದಲ್ಲಿ ಎರಡನೆಯವರಾಗಿ ಹೋಗುತ್ತಿದ್ದರು. ಬಿರುಗಾಳಿ, ಆಳೆತ್ತರದ ಅಲೆ. ಬೇರೊಂದು ಪಂದ್ಯದಲ್ಲಿದ್ದ ಸಿಂಗಪುರದವರ ದೋಣಿ ಮಗುಚಿ, ಇಬ್ಬರೂ ನೀರಿಗೆ ಬಿದ್ದಿದ್ದು ಅವರಿಗೆ ಕಂಡಿತು. ಪದಕ ಎದುರಿಗಿತ್ತು. ಲೆಮ್ಯೂ ದೋಣಿ ತಿರುಗಿಸಿದರು. ಇಬ್ಬರನ್ನೂ ಎತ್ತಿಕೊಂಡು, ಕಾವಲು ದೋಣಿ ಬರುವವರೆಗೆ ಕಾದು, ಆಮೇಲೆ ಪಂದ್ಯಕ್ಕೆ ಮರಳಿದರು. ಅಷ್ಟರಲ್ಲಿ ಬಹಳ ಜನ ಮುಂದೆ ಹೋಗಿ ಆಗಿತ್ತು.

ತೀರ್ಪುಗಾರರು ಆ ಪಂದ್ಯದಲ್ಲಿ ಅವರಿಗೆ ಎರಡನೆಯ ಸ್ಥಾನವನ್ನೇ ಕೊಟ್ಟರು. ಅಯ್ಯೋ ಪಾಪ ಎಂದು ಕೊಟ್ಟಿದ್ದಲ್ಲ, ಗಮನಿಸಿ. ಒಂದನೇ ನಿಯಮ ಪಾಲಿಸಲು ಹೋಗಿ ಸ್ಥಾನ ಕಳೆದುಕೊಂಡವರಿಗೆ ಅದನ್ನು ತುಂಬಿಕೊಡಬೇಕು ಎಂದು ಅದೇ ಪುಸ್ತಕದಲ್ಲಿ ಇದೆ. ಎಲ್ಲ ಪಂದ್ಯಗಳ ಲೆಕ್ಕ ಕೂಡಿಸಿದಾಗ ಲೆಮ್ಯೂ ಹನ್ನೊಂದನೆಯವರಾದರು, ಪದಕ ಬರಲಿಲ್ಲ. ಆ ಸಲ ಯಾರಿಗೆ ಚಿನ್ನ ಬಂತು ಎಂದು ಕೇಳಿದರೆ ಹೇಳುವವರು ಕಡಿಮೆ.

ಅಕ್ಕನ ಅತ್ತೆ ಒಳಗೆ ರೊಟ್ಟಿ ಬಡಿಯುತ್ತ ಇದನ್ನೆಲ್ಲ ಕೇಳುತ್ತಿದ್ದಳು. "ಅಷ್ಟ ದೂರದ ಮಾತ್ಯಾಕ? ಹರಿಗೋಲಿನಾಗ ಕುಂತಾಗ ಯಾರರ ನೀರಾಗ ಬಿದ್ರ ನಮ್ಮ ಅಂಬಿಗರು ಬಿಟ್ಟು ಹೋಗತಿದ್ರೇನು?" ಅಂದಳು. ಹೌದು ಅತ್ತೀ, ಅಂದೆ.

ಸಮುದ್ರವಿಲ್ಲದ ಊರಿನವರು ಇದರಲ್ಲಿ ಗೆಲ್ಲಬಲ್ಲರೇ ಎಂದು ನಿಮಗೂ ಅನ್ನಿಸಬಹುದು. 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ನೇಹಾ ಠಾಕೂರ್ ಎಂಬ ಹದಿನೇಳರ ಹುಡುಗಿ ಡಿಂಗಿ ಪಂದ್ಯದಲ್ಲಿ ಬೆಳ್ಳಿ ಗೆದ್ದಳು. ಅವಳದು ಮಧ್ಯಪ್ರದೇಶದ ದೇವಾಸ್ ಜಿಲ್ಲೆಯ ರೈತರ ಮನೆ. ಹಾಯಿ ಹಿಡಿಯಲು ಕಲಿತಿದ್ದು ಭೋಪಾಲದ ಕೆರೆಯಲ್ಲಿ. ಅಲ್ಲಿಂದ ಸಮುದ್ರಕ್ಕೆ ಎಷ್ಟು ದೂರ ಎಂದು ಭೂಪಟ ತೆಗೆದು ನೀವೇ ನೋಡಿ.

ಹಾಗೆಂದು ನಾಳೆಯೇ ಬಾಳೆದಿಂಡು ಕಟ್ಟಿಕೊಂಡು ಹಿನ್ನೀರಿಗೆ ಇಳಿದೀರಿ, ಜೋಕೆ! ಅಣೆಕಟ್ಟಿನ ನೀರು ಮೇಲೆ ಶಾಂತವಾಗಿ ಕಂಡರೂ ಕೆಳಗೆ ಮುಳುಗಿದ ಮರ, ಗೋಡೆ, ಬಾವಿ, ಮೊಣಕಾಲುದ್ದದ ಕೆಸರು ಎಲ್ಲ ಇರುತ್ತವೆ. ಕಲಿಸುವವರು, ಕಾವಲು ದೋಣಿ, ಜಾಕೆಟ್ ಮೂರೂ ಇಲ್ಲದ ಕಡೆ ದಡದಲ್ಲಿಯೇ ಇರಿ.

ತೊಟ್ಟಿಯ ಜಗಳ ಎಲ್ಲಿಗೆ ಬಂತು ಹೇಳುತ್ತೇನೆ. ಸಣ್ಣವನು ಬಹಳ ಹೊತ್ತು ಸುಮ್ಮನೆ ಇದ್ದು ಕೇಳಿದ: "ಊದಬಾರದು ಅಂತ ಆ ಪುಸ್ತಕದಾಗ ಐತೇನು?"

"ನೀರು, ಗಾಳಿ ಎರಡರಿಂದನ ದೋಣಿ ಹೋಗಬೇಕು ಅಂತ ಐತಿ. ಹುಟ್ಟು ಹಾಕೋ ಹಂಗಿಲ್ಲ, ಕೈಲೆ ನೀರು ಬಡಿಯೋ ಹಂಗಿಲ್ಲ. ನೀ ಊದಿದ್ದೂ ಆ ಜಾತಿದ."

ಮತ್ತೆ ಸ್ವಲ್ಪ ಹೊತ್ತು ಮೌನ. "ಇಟ್ಟಿಗಿಗೂ ತಾಗಿತ್ತು," ಅಂದ. ಅಕ್ಕ ಬಾಯಿ ತೆರೆದು ನೋಡಿದಳು. ಅದು ಅವಳಿಗೆ ಕಂಡೇ ಇರಲಿಲ್ಲ.

ಇಟ್ಟಿಗೆಗೆ ಒಂದು, ಊದಿದ್ದಕ್ಕೆ ಎರಡು, ಒಟ್ಟು ಮೂರು ಸುತ್ತು ಎಂದು ಅವರೇ ಲೆಕ್ಕ ಹಾಕಿದರು. ಪಂದ್ಯ ಹೊಸದಾಗಿ ಶುರುವಾಯಿತು. ಅವನು ದೋಣಿಯನ್ನು ಮೂರು ಸುತ್ತು ತಿರುಗಿಸಿ ಬಿಡುವಷ್ಟರಲ್ಲಿ ಅವಳದು ತೊಟ್ಟಿಯ ನಡುವೆ ಹೋಗಿತ್ತು. ಅಲ್ಲಿಗೆ ಗಾಳಿ ನಿಂತುಬಿಟ್ಟಿತು. ಎರಡೂ ದೋಣಿ ಅಲುಗಲಿಲ್ಲ. ಆಗ ಮೇಯ್ದು ಬಂದ ಎಮ್ಮೆ ತೊಟ್ಟಿಗೆ ಮೂತಿ ಹಾಕಿ ಭುಸ್ ಎಂದು ಉಸಿರು ಬಿಟ್ಟಿತು. ಎದ್ದ ಅಲೆಗೆ ತಮ್ಮನ ದೋಣಿ ಸರ್ರನೆ ಹೋಗಿ ಆಚೆ ತುದಿ ಮುಟ್ಟಿತು.

"ಪ್ರೊಟೆಸ್ಟ್!" ಎಂದು ಕೂಗಿದಳು ಅಕ್ಕ. "ಮಾಮಾ, ಎಮ್ಮಿ ಊದಿದ್ದು ಲೆಕ್ಕಕ್ಕ ಬರತೈತೇನು?"