ಗಾಲಿಯನ್ನಿತ್ತವನು



ನಮ್ಮ ಕೊಲ್ಲಮೊಗ್ರಿನ ಏರುದಾರಿಯಲ್ಲಿ ಬೈಸಿಕಲ್ಲು ತುಳಿಯುವವನಿಗೆ ಸ್ವಂತ ಕಾಲ ಬಲವೊಂದೇ ಆಸರೆ. ಆದರೆ ಫ್ರಾನ್ಸಿನಲ್ಲಿ 1903ರಲ್ಲಿ ಆರಂಭವಾದ ‘ಟೂರ್ ಡಿ ಫ್ರಾನ್ಸ್’ ಎಂಬ ಮಹಾಸ್ಪರ್ಧೆಯ ರೀತಿಯೇ ಬೇರೆ. ಅಲ್ಲಿ ಈಗ ತಂಡವೊಂದಕ್ಕೆ 8 ಮಂದಿ. ನಾಯಕನೊಬ್ಬನ ಗೆಲುವಿಗಾಗಿ ಉಳಿದವರು ಮುಂದೆ ಸಾಗಿ ಗಾಳಿಯ ಹೊಡೆತವನ್ನು ತಾವು ತಾಳುವರು. ಅವರ ಬೆನ್ನ ಮರೆಯಲ್ಲಿ ಬರುವವನಿಗೆ ಸುಮಾರು ಮೂರರಲ್ಲೊಂದು ಪಾಲು ಶ್ರಮ ಉಳಿಯುವುದು. ಅವನಿಗೆ ನೀರು ತಂದೀಯುವವರೂ ಅವರೇ.

1934ರಲ್ಲಿ ಪಿರೆನೀಸ್ ಪರ್ವತದ ಇಳಿಜಾರಿನಲ್ಲಿ ನಾಯಕ ಆಂಟೊನಿನ್ ಮಾನ್ಯ್‌ನ ಗಾಲಿ ಮುರಿಯಿತು. 20 ವರ್ಷದ ರೆನೆ ವಿಯೆಟೊ ತನ್ನ ಗಾಲಿಯನ್ನು ಬಿಚ್ಚಿಕೊಟ್ಟು, ಬೇರೊಂದು ಬರುವ ತನಕ ದಾರಿಬದಿಯ ಕಲ್ಲುಗೋಡೆಯ ಮೇಲೆ ಕುಳಿತು ಕಣ್ಣೀರಿಟ್ಟನು. ಮರುದಿನ ನಾಯಕನಿಗೆ ಪುನಃ ವಿಘ್ನವೊದಗಲು, ಇಳಿದ ಬೆಟ್ಟವನ್ನೇ ತಿರುಗಿ ಹತ್ತಿ ತನ್ನ ಬೈಸಿಕಲ್ಲನ್ನೇ ಒಪ್ಪಿಸಿದನು. ಮಾನ್ಯ್ ಗೆದ್ದನು, ವಿಯೆಟೊ ಐದನೆಯವನಾದನು.

ಅಧ್ಯಾಪಕನಾಗಿದ್ದಷ್ಟು ಕಾಲವೂ ನಾನು ತರಗತಿಯಲ್ಲಿ ಮೊದಲಿಗನಾದವನಿಗೇ ಬಹುಮಾನವನ್ನಿತ್ತೆನು. ತೋಟದ ಕೆಲಸವನ್ನು ಹೊತ್ತು ಅವನನ್ನು ಶಾಲೆಗೆ ಕಳುಹಿದ ಅಣ್ಣನ ಹೆಸರನ್ನು ಒಮ್ಮೆಯೂ ಕೇಳಲಿಲ್ಲ. ಗೃಹಸ್ಥರೇ, ನಿಮ್ಮ ಮನೆಯಲ್ಲಿ ಗಾಲಿಯನ್ನು ಬಿಚ್ಚಿಕೊಟ್ಟವರು ಯಾರು? ಇಂದು ರಾತ್ರಿ ಊಟಕ್ಕೆ ಕುಳಿತಾಗ ಅವರ ಹೆಸರನ್ನು ಮಕ್ಕಳಿಗೆ ಹೇಳಿರಿ.